ರಾಣಿಯ ಮೂಗು, ಅಜ್ಜಿಯ ವಿಭೂತಿ

ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಕಥೆ ಓಡಾಡುತ್ತಿದೆ. ಅಜ್ಜಿಯ ಬೆಳ್ಳಿ ರೂಪಾಯಿಗಳನ್ನು ಹಾಳು ಮಾಡಿದ್ದು ನಾನಂತೆ. ಹಿರಿಯರು ತಲೆತಲಾಂತರದಿಂದ ಕಣ್ಣಿನ ಹಾಗೆ ಕಾಪಾಡಿಕೊಂಡು ಬಂದದ್ದನ್ನು ವಿದ್ಯಾವಂತ ಮೊಮ್ಮಗ ಒಂದೇ ತಿಂಗಳಲ್ಲಿ ಮಸಿ ಮಾಡಿಟ್ಟನಂತೆ. ದಾವಣಗೆರೆಯ ದೊಡ್ಡಪ್ಪ ಅಳುವ ಮುಖದ ಎಮೋಜಿ ಹಾಕಿದ್ದಾರೆ. ಅವರ ಸೊಸೆ ಕೈಮುಗಿಯುವ ಎಮೋಜಿ ಹಾಕಿದ್ದಾಳೆ. (ಯಾರಿಗೆ ಕೈಮುಗಿದದ್ದು, ಯಾಕೆ ಮುಗಿದದ್ದು? ಕೇಳಬಾರದು.)

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ‘ಹಾಳು’ ಎಂದರೇನು? ಎರಡನೆಯದಾಗಿ, ‘ಕಾಪಾಡಿಕೊಂಡು ಬಂದದ್ದು’ ಎಂದರೇನು? ಮೂರನೆಯದಾಗಿ...

ನೋಡಿ, ಶುರುವಾಯಿತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋದವರನ್ನು ಮನೆಯ ಶುಭಕಾರ್ಯಗಳಿಗೆ ಕರೆಯಬಾರದು. ಊಟಕ್ಕೆ ಕರೆದರೂ ಸಾಂಬಾರಿನ ವಿರುದ್ಧ ಮೂರು ಅಂಶ ಮಂಡಿಸಿಯೇ ಎಲೆಯ ಮುಂದಿನಿಂದ ಏಳುತ್ತಾರೆ. ನಾನು ಆ ಪೈಕಿ. ಈ ಅಂಕಣವನ್ನು ವಾರವಾರ ಓದುವ ನಿಮಗೆ ಇದು ಹೊಸ ವಿಷಯವೇನಲ್ಲ.

ಹಾಗಾಗಿ ನನ್ನ ಪಕ್ಷವನ್ನು ನಾನೇ ವಹಿಸಿಕೊಳ್ಳುತ್ತೇನೆ. ಬೇರೆ ಯಾರೂ ವಹಿಸಿಕೊಂಡಿಲ್ಲ.

ನಮ್ಮ ಮನೆ ಇರುವುದು ದೀಪಾಂಜಲಿ ನಗರದಲ್ಲಿ. ನನ್ನ ರೂಮಿನ ಕಿಟಕಿ ತೆಗೆದರೆ ಒಂದು ಖಾಲಿ ಸೈಟು, ಅದರಾಚೆ ಇಳಿಜಾರು, ಇಳಿಜಾರಿನ ಕೆಳಗೆ ವೃಷಭಾವತಿ. ಅದನ್ನು ಇನ್ನೂ ಹೊಳೆ ಎನ್ನುವವಳು ನಮ್ಮಜ್ಜಿ ಒಬ್ಬಳೇ. ನಾವೆಲ್ಲ ಮೋರಿ ಅನ್ನುತ್ತೇವೆ. ಮೂಗಿಗೆ ನಮ್ಮ ಪದವೇ ಹೆಚ್ಚು ಒಪ್ಪುತ್ತದೆ.

ಅಜ್ಜಿ ದಾವಣಗೆರೆ ಕಡೆಯವಳು. ಅಪ್ಪನ ತಾಯಿ. ಅಪ್ಪನ ಕೆಲಸದ ಹಿಂದೆ ಬೆಂಗಳೂರಿಗೆ ಬಂದಾಗ ತನ್ನ ಜೊತೆ ಒಂದು ತಗಡಿನ ಡಬ್ಬಿ ತಂದಳು. ಬಿಗಿ ಮುಚ್ಚಳದ ಡಬ್ಬಿ. ಒಳಗೆ ವಿಭೂತಿ ಪುಡಿ. ಪುಡಿಯೊಳಗೆ ಹೂತಿಟ್ಟ ಹಾಗೆ ಹಳೇ ಕಾಲದ ಬೆಳ್ಳಿ ರೂಪಾಯಿಗಳು. ಕೆಲವದರಲ್ಲಿ ಇಂಗ್ಲೆಂಡಿನ ರಾಣಿ, ಕೆಲವದರಲ್ಲಿ ರಾಜ. ಮುತ್ತಜ್ಜನಿಗೆ ಮೈಸೂರು ಮಹಾರಾಜರು ಖುದ್ದಾಗಿ ಕೊಟ್ಟದ್ದು ಎಂದು ಮನೆಯಲ್ಲಿ ಪ್ರತೀತಿ. (ಮುತ್ತಜ್ಜ ಶೇಂಗಾ ವ್ಯಾಪಾರಿ. ಮಹಾರಾಜರು ಶೇಂಗಾ ಕೊಳ್ಳಲು ಬಂದಿದ್ದರೇ? ಹೈಸ್ಕೂಲಿನಲ್ಲಿದ್ದಾಗ ಈ ಪ್ರಶ್ನೆ ಕೇಳಿ ನಾನು ಒಂದು ಹಬ್ಬದ ಊಟ ಕೆಡಿಸಿದ್ದೇನೆ.)

ನಮ್ಮ ಮನೆಯಲ್ಲಿ ಯಾವ ಹೆಣ್ಣಿಗೇ ಕುಬಸ ಮಾಡಲಿ (ಬೆಂಗಳೂರಿನವರು ಸೀಮಂತ ಎನ್ನುತ್ತೀರಿ), ಆ ರೂಪಾಯಿಗಳು ಹೊರಗೆ ಬರುತ್ತವೆ. ಅಜ್ಜಿ ಒಂದೊಂದನ್ನೇ ವಿಭೂತಿಯಲ್ಲಿ ಉಜ್ಜಿ, ಒರೆಸಿ, ಫಳಫಳ ಮಾಡಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬಿನ ಜೊತೆ ಬಸುರಿಯ ಉಡಿಗೆ ಹಾಕುತ್ತಾಳೆ. ಆರತಿ ಆದ ಮೇಲೆ ಅಕ್ಕಿ, ಕೊಬ್ಬರಿ ಬಸುರಿಯದು. ರೂಪಾಯಿಗಳನ್ನು ಮಾತ್ರ ಅವಳೇ ಕೈಯಾರೆ ಡಬ್ಬಿಗೆ ವಾಪಸ್ ಸುರಿದು ಮುಚ್ಚಳ ಹಾಕಬೇಕು. ಮುಂದಿನ ಕುಬಸದವರೆಗೆ ಯಾರೂ ತೆಗೆಯುವಂತಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ಆ ರೂಪಾಯಿಗಳ ತಂಪಿಗೆ ಒದ್ದೆನಂತೆ. ಅಮ್ಮ ಹೇಳುತ್ತಾಳೆ. ಸಾಕ್ಷ್ಯವಿಲ್ಲ.

ಈ ಸಲ ಕುಬಸ ನನ್ನ ಅಕ್ಕನಿಗೆ.

‘ಈ ಸಲ’ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಹಿಂದೆ ಒಮ್ಮೆ ಡಬ್ಬಿ ಅಟ್ಟದಿಂದ ಕೆಳಗಿಳಿದಿತ್ತು. ಕುಬಸಕ್ಕೆ ದಿನ ನೋಡುವ ಮೊದಲೇ ಮತ್ತೆ ಮೇಲೆ ಹೋಯಿತು. ಆ ಮಗು ಉಳಿಯಲಿಲ್ಲ. ಅಕ್ಕ ಹದಿನೈದು ದಿನ ನಮ್ಮಲ್ಲಿದ್ದು, ಮತ್ತೆ ಬಸವೇಶ್ವರನಗರದ ತನ್ನ ಮನೆಗೆ, ತನ್ನ ಆಫೀಸಿಗೆ ಹೋದಳು. ಹೋಗುವಾಗ ನನ್ನ ಜೊತೆ ಮೀಸಲಾತಿಯ ಬಗ್ಗೆ ಅರ್ಧ ಗಂಟೆ ವಾದ ಮಾಡಿ ಗೆದ್ದು ಹೋದಳು. ಸರಿಹೋಗಿದ್ದಾಳೆ ಎಂದುಕೊಂಡೆ. ಯಾಕೆಂದರೆ ನನಗೆ ಚರ್ಚೆ ಕಲಿಸಿದವಳೇ ಅವಳು. ಎದುರಾಳಿಯ ಕಣ್ಣು ನೋಡಬೇಡ, ಅವನ ಎರಡನೇ ವಾಕ್ಯ ನೋಡು ಎಂದು ಹೇಳಿಕೊಟ್ಟವಳು. ನಮ್ಮ ಮನೆಯ ದೇವರ ಕೋಣೆಯ ಮುಂದೆ ನಿಂತು ‘ಪ್ರೂಫ್ ಏನು?’ ಎಂದು ಮೊದಲು ಕೇಳಿದವಳೂ ಅವಳೇ. ನಾನು ಎರಡನೆಯವನು. (ಅವಳ ಹೆಸರು ಬರೆಯಕೂಡದು ಎಂಬ ಷರತ್ತಿನ ಮೇಲೆ ಈ ವಾರದ ಅಂಕಣಕ್ಕೆ ಅನುಮತಿ ಸಿಕ್ಕಿದೆ.)

ಸರಿ. ಡಬ್ಬಿ ಕೆಳಗಿಳಿಯಿತು. ಕುಬಸಕ್ಕೆ ಇನ್ನೂ ಒಂದು ತಿಂಗಳಿತ್ತು. ಅಜ್ಜಿ ಮುಚ್ಚಳ ತೆಗೆದು ಒಂದು ರೂಪಾಯಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಹೊಳೆಯುತ್ತಿತ್ತು. ಅದನ್ನು ಬೆಳಕಿಗೆ ಹಿಡಿದೆ.

“ಅಜ್ಜಿ, ಈ ರಾಣಿ ಮೂಗೆಲ್ಲಿ?”

“ಆಕಿ ಮೂಗು ಕಟ್ಕಂಡು ನಿನಗೇನಾಗ್ಬೇಕಲೇ?”

“ಉಜ್ಜಿ ಉಜ್ಜಿ ಸವೆಸಿದ್ದೀಯ. ಮೂಗು ಇಲ್ಲ, ತುಟಿ ಇಲ್ಲ. ಇವಳು ರಾಣಿನೋ ಇಡ್ಲಿನೋ ಗೊತ್ತಾಗ್ತಿಲ್ಲ.”

“ನಾನೊಬ್ಬಾಕೇನಾ ಉಜ್ಜಿದ್ದು? ನಮ್ಮತ್ತಿ ಉಜ್ಜಿದ್ಲು, ಅವರತ್ತಿ ಉಜ್ಜಿದ್ಲು. ಬೆಳ್ಳಿ ಅಂದಮ್ಯಾಲೆ ಹೊಳೀಬೇಕಪ್ಪ.”

ಅವತ್ತು ರಾತ್ರಿಯ ಊಟಕ್ಕೆ ನಾನು ವಿಷಯ ಮಂಡಿಸಿದೆ: ಹಳೆಯ ಬೆಳ್ಳಿ ನಾಣ್ಯಗಳನ್ನು ಉಜ್ಜಬಾರದು, ಬರಿಗೈಯಲ್ಲಿ ಮುಟ್ಟಬಾರದು, ಪುಡಿಯಲ್ಲಿ ಹೂಳಬಾರದು. ವಿಭೂತಿ ಎಷ್ಟೇ ನುಣ್ಣಗಿದ್ದರೂ ಉಜ್ಜಿದಾಗಲೆಲ್ಲ ಬೆಳ್ಳಿಯ ಒಂದು ಪದರ ಹೋಗುತ್ತದೆ. ನಾಣ್ಯ ಸಂಗ್ರಹಿಸುವವರು ಜಗತ್ತಿನಲ್ಲೆಲ್ಲೂ ಹೀಗೆ ಮಾಡುವುದಿಲ್ಲ. ನೀವು ಕಾಪಾಡುತ್ತಿಲ್ಲ, ಕಂತಿನ ಮೇಲೆ ಅಳಿಸುತ್ತಿದ್ದೀರಿ. (ಈ ಕೊನೇ ವಾಕ್ಯ ನನಗೇ ಬಹಳ ಹಿಡಿಸಿತು. ಎರಡು ಸಲ ಹೇಳಿದೆ.)

ಅಜ್ಜಿ ರೊಟ್ಟಿ ಮುರಿದು ಪಲ್ಯದ ಜೊತೆ ತಿನ್ನುತ್ತಿದ್ದಳು. ಎದುರಾಳಿ ಮಾತಾಡಲಿಲ್ಲ. ಆದ್ದರಿಂದ ನಾನು ಗೆದ್ದೆ ಎಂದು ನಾನೇ ಘೋಷಿಸಿದೆ.

“ಏನಾರ ಮಾಡ್ಕ ಹೋಗು,” ಅಂದಳು ಕೊನೆಗೆ. “ಕುಬಸದ ದಿನ ನನ್ನ ಕೈಗೆ ಬೆಳ್ಳಗೆ ತಂದು ಕೊಡು. ಅಷ್ಟೇ ನಾ ಕೇಳೋದು.”

“ಗೆದ್ದಾಯ್ತಲ್ಲ, ತಟ್ಟೆ ಎತ್ತು,” ಅಂದಳು ಅಮ್ಮ.

ಮರುದಿನವೇ ಬಿಳಿ ಹತ್ತಿಯ ಗ್ಲೌಸ್ ತರಿಸಿದೆ. ಎರಡು ಜೊತೆ. ಒಂದು ನನಗೆ, ಒಂದು ಅಜ್ಜಿಗೆ. ಅಜ್ಜಿ ಬಳೆಗಳನ್ನು ಮೇಲೆ ಸರಿಸಿ, ಹಾಕಿಕೊಂಡು, ಎರಡೂ ಕೈ ತಿರುಗಿಸಿ ನೋಡಿದಳು. ಆಮೇಲೆ ಕಾಫಿ ಲೋಟ ಹಿಡಿದು ಹಾಲ್‌ಗೆ ಬರುತ್ತಿದ್ದ ಅಮ್ಮನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಇನ್ನೊಂದು ಕೈಯಲ್ಲಿ ಅಪ್ಪನನ್ನು ಬಾ ಎಂದು ಬಿಟ್ಟಳು. ಆಮೇಲೆ ಅಮ್ಮನಿಗೆ ಹಸಿರು ದೀಪ. ನಮ್ಮ ಮನೆ ಐದು ನಿಮಿಷ ಮೈಸೂರು ರಸ್ತೆಯ ಸಿಗ್ನಲ್ ಆಯಿತು. ಸಂರಕ್ಷಣಾ ವಿಜ್ಞಾನಕ್ಕೆ ನನ್ನ ಮನೆಯಲ್ಲಿ ಸಿಕ್ಕ ಮರ್ಯಾದೆ ಅಷ್ಟು.

ನಾನು ಧೃತಿಗೆಡಲಿಲ್ಲ. ಇನ್ವರ್ಟರ್ ಬ್ಯಾಟರಿಗೆ ತಂದಿದ್ದ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದೊಂದೇ ರೂಪಾಯಿಯನ್ನು ಅದ್ದಿ ವಿಭೂತಿ ಬಿಡಿಸಿದೆ. ಒತ್ತಿ ಒಣಗಿಸಿದೆ. ನನ್ನ ಮೇಜಿನ ಮೇಲೆ ತೊಳೆದ ಬಿಳಿ ಕರ್ಚೀಫು ಹಾಸಿ, ಇಸವಿಯ ಪ್ರಕಾರ ಸಾಲಾಗಿ ಜೋಡಿಸಿದೆ. ಈಗ ಉಳಿದದ್ದು ಒಂದೇ ಪ್ರಶ್ನೆ. ಎಲ್ಲಿಡುವುದು?

ಸುಲಭದ ಪ್ರಶ್ನೆ ಅಂದುಕೊಂಡಿರಾ?

ಅಪ್ಪ ಬ್ಯಾಂಕ್ ಲಾಕರ್ ಅಂದರು. ಲಾಕರ್ ಕೋಣೆಯ ತೇವದ ಬಗ್ಗೆ ನಾನು ಅವರಿಗೆ ಇಪ್ಪತ್ತು ನಿಮಿಷ ಮಾತಾಡಿದೆ. ಮರದ ಪೆಟ್ಟಿಗೆ? ಕೆಲವು ಮರ ಆಮ್ಲ ಬಿಡುತ್ತದೆ. ವೆಲ್ವೆಟ್ ಡಬ್ಬಿ, ಆಭರಣದಂಗಡಿಯವರು ಕೊಡುವಂಥದ್ದು? ಅದರ ಅಂಟು ಯಾವುದು ಎಂದು ಯಾರಿಗೆ ಗೊತ್ತು? ಪ್ಲಾಸ್ಟಿಕ್ ಹಾಳೆಯ ಆಲ್ಬಂ? ಅಗ್ಗದ ಮೆತ್ತನೆ ಪ್ಲಾಸ್ಟಿಕ್ ಕಾಲಕ್ರಮೇಣ ಬೆವರಿ ನಾಣ್ಯಕ್ಕೆ ಹಸಿರು ಜಿಡ್ಡು ಹತ್ತಿಸುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ದುಂಡನೆ ಕ್ಯಾಪ್ಸೂಲ್? ಅದೇ ಸರಿ. ಆದರೆ ಯಾವ ಅಳತೆ? ಸವೆದ ರಾಣಿಗೆ ಒಂದಳತೆ, ಸವೆಯದ ರಾಜನಿಗೆ ಇನ್ನೊಂದು. ಸಡಿಲವಾದರೆ ಒಳಗೆ ಗಲಗಲ. ಬಿಗಿಯಾದರೆ ಅಂಚಿಗೆ ಗೀರು. ಒಳಗೆ ನಾಣ್ಯ ಅಲ್ಲಾಡದಂತೆ ಸುತ್ತ ಹಿಡಿಯುವ ರಿಂಗ್ ಇರುವುದೋ ಇಲ್ಲದ್ದೋ? ರಿಂಗ್ ಯಾವುದರದ್ದು?

ನಾಣ್ಯಪ್ರಿಯರ ಒಂದು ಆನ್‌ಲೈನ್ ಗುಂಪಿಗೆ ಸೇರಿದೆ. ಸೇರಿದ ಮರುದಿನವೇ ರಿಂಗ್ ಪರ, ರಿಂಗ್ ವಿರುದ್ಧ ಎಂದು ಗುಂಪು ಎರಡಾಯಿತು. (ಅದರಲ್ಲಿ ನನ್ನ ಪಾತ್ರವಿಲ್ಲ ಎಂದು ಹೇಳಲಾರೆ.) ರಾಜಾಜಿನಗರದವರೊಬ್ಬರು ಬರೆದರು, “ಸಾರ್, ಮೊದಲು ಯಾವುದಾದ್ರೂ ಒಂದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ. ಆಮೇಲೆ ಆರಾಮಾಗಿ ಮಾತಾಡೋಣ.”

ನಾನು ಉತ್ತರಿಸಿದೆ, “‘ಯಾವುದಾದರೂ’ ಎಂದರೆ ಯಾವುದು ಎಂದು ದಯವಿಟ್ಟು ಸ್ಪಷ್ಟಪಡಿಸಿ.”

ಅವರು ಗುಂಪು ಬಿಟ್ಟರು.

ಇದು ನನ್ನೊಬ್ಬನ ರೋಗವೇ? ಎದೆ ಮುಟ್ಟಿಕೊಂಡು ಹೇಳಿ. ನನ್ನ ಗೆಳೆಯನೊಬ್ಬ ಸುಂಕದಕಟ್ಟೆಯಿಂದ ದಿನಾ ಬೈಕಿನಲ್ಲಿ ಆಫೀಸಿಗೆ ಹೋಗುತ್ತಾನೆ. ಯಾವ ಹೆಲ್ಮೆಟ್ ಅತಿ ಸುರಕ್ಷಿತ ಎಂದು ಆರು ತಿಂಗಳಿಂದ ವಿಡಿಯೋ ನೋಡುತ್ತಿದ್ದಾನೆ. ಅಲ್ಲಿಯವರೆಗೆ ತಲೆಗೆ ಏನಿದೆ? ಬಿರುಕು ಬಿಟ್ಟ ಹಳೆಯದು. “ಅಪ್‌ಗ್ರೇಡ್ ಮಾಡ್ಬೇಕು ಮಗಾ, ರಿಸರ್ಚ್ ನಡೀತಿದೆ,” ಅನ್ನುತ್ತಾನೆ. ನಮ್ಮ ಪಕ್ಕದ ರಸ್ತೆಯ ದಂಪತಿ ಮಗುವನ್ನು ಯಾವ ನರ್ಸರಿಗೆ ಸೇರಿಸುವುದೆಂದು ಚರ್ಚಿಸುತ್ತ ಚರ್ಚಿಸುತ್ತ ಅದು ಒಂದನೇ ಕ್ಲಾಸಿನ ವಯಸ್ಸಿಗೆ ಬಂದಿದೆ. ಅತ್ಯುತ್ತಮವಾದದ್ದು ಸಿಗುವವರೆಗೆ ಏನೂ ಮಾಡದಿರುವುದು ನಮ್ಮ ಪೀಳಿಗೆಯ ಶ್ರದ್ಧೆ. ನಾವು ಅದಕ್ಕೆ ರಿಸರ್ಚ್ ಎಂದು ಹೆಸರಿಟ್ಟಿದ್ದೇವೆ.

ನಾನು ರಿಸರ್ಚ್ ಮಾಡುತ್ತಿದ್ದಾಗ ರೂಪಾಯಿಗಳು ಎಲ್ಲಿದ್ದವು? ಅದೇ ಮೇಜಿನ ಮೇಲೆ. ಅದೇ ಕರ್ಚೀಫಿನ ಮೇಲೆ. ತೆರೆದ ಕಿಟಕಿಯ ಪಕ್ಕ.

ಮೊದಲು ಅಂಚು ತುಸು ಹಳದಿಯಾಯಿತು. ಬೆಳಕಿನ ಆಟ ಎಂದುಕೊಂಡೆ. ಆಮೇಲೆ ಕಂದು. ಆಮೇಲೆ ನವಿಲಿನ ಕತ್ತಿನ ಬಣ್ಣ. ಇದು ಬಹಳ ಚೆನ್ನಾಗಿದೆಯಲ್ಲ ಎಂದು ಫೋಟೋ ತೆಗೆದೆ. ಕುಬಸಕ್ಕೆ ಒಂದು ವಾರವಿರುವಾಗ ಅಜ್ಜಿ ನನ್ನ ರೂಮಿಗೆ ಬಂದಳು. ಗ್ಲೌಸ್ ಹಾಕಿಕೊಂಡಿರಲಿಲ್ಲ. ಮೇಜಿನ ಮುಂದೆ ನಿಂತಳು.

“ಇವೇನಲೇ ಇವು?”

“ರೂಪಾಯಿ ಅಜ್ಜಿ.”

“ಕರ್ರಗದಾವಲ್ಲೋ!”

“ಕಪ್ಪಲ್ಲ ಅಜ್ಜಿ. ಇದಕ್ಕೆ ಟೋನಿಂಗ್ ಅಂತಾರೆ. ಗಾಳಿಗೆ ಬೆಳ್ಳಿ ತಾನಾಗೇ ತಳೆಯೋ ಬಣ್ಣ. ಗೊತ್ತಿರೋರು ಇದನ್ನ ಇಷ್ಟಪಟ್ಟು ತಗೋತಾರೆ.”

“ಹಂಗಾರೆ ನಿಮ್ಮಮ್ಮನ ಬಾಣಲಿಗೂ ಟೋನಿಂಗ್ ಆಗೈತಿ. ಅದನ್ನೂ ಕೊಡು ಅವರಿಗೆ.”

ಬಾಗಿಲಲ್ಲಿ ನಿಂತಿದ್ದ ಅಮ್ಮ ನಕ್ಕಳು. ಅಜ್ಜಿ ನಗಲಿಲ್ಲ. ಒಂದು ರೂಪಾಯಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಅವಳ ದನಿ ಇಳಿಯಿತು. “ಕರ್ರಗಿರೋದನ್ನ ನಾ ಆ ಹುಡುಗಿ ಉಡಿಗೆ ಹಾಕಂಗಿಲ್ಲ. ಈ ಸಲ ಹಾಕಂಗಿಲ್ಲ.”

ಆ ಎರಡು ಪದವನ್ನು ಮನೆಯಲ್ಲಿ ಮೊದಲ ಬಾರಿಗೆ ಯಾರೋ ಬಾಯಿಬಿಟ್ಟು ಹೇಳಿದ್ದು ಆಗಲೇ.

ಇಷ್ಟು ಬೇಗ ಕಪ್ಪಾದದ್ದು ಹೇಗೆ? ನಮ್ಮ ಬೀದಿಯವರನ್ನು ಕೇಳಿ. ಪಕ್ಕದ ಮನೆ ಆಂಟಿಯ ಮಗಳ ಕಾಲ್ಗೆಜ್ಜೆ ಎರಡು ಹಬ್ಬದ ನಡುವೆ ಕಬ್ಬಿಣದಂತಾಗುತ್ತದೆ. ಏಸಿ ರಿಪೇರಿಗೆ ಬರುವವನು ಪ್ರತಿ ಬೇಸಿಗೆಯಲ್ಲೂ ಒಂದೇ ಮಾತು ಹೇಳಿ ಹೋಗುತ್ತಾನೆ: “ಮೋರಿ ಗ್ಯಾಸು ಸಾರ್. ಈ ಲೈನಲ್ಲಿ ಕಾಯಿಲ್ ನಿಲ್ಲಲ್ಲ.” ತಾಮ್ರವನ್ನು ತಿನ್ನುವ ಗಾಳಿ ಬೆಳ್ಳಿಯನ್ನು ಬಿಡುತ್ತದೆಯೇ? ಆ ಹೊಲಸು ನೀರಿನಿಂದ ಏಳುವ ಗಂಧಕದ ಗಾಳಿ ಬೆಳ್ಳಿಗೆ ಹಳೇ ಶತ್ರು.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ಮಾತಾಡಿ ನಾನು ಮೊದಲ ಬಹುಮಾನ ಗೆದ್ದಿದ್ದೇನೆ. ‘ಈ ಕಣಿವೆಯ ಗಾಳಿ ನಮ್ಮ ಮನೆಯ ಲೋಹವನ್ನೇ ತಿನ್ನುತ್ತಿರುವಾಗ ನಮ್ಮ ಶ್ವಾಸಕೋಶದ ಗತಿಯೇನು?’ ಎಂದು ಮೇಜು ಕುಟ್ಟಿ ಕೇಳಿದ್ದೆ. ಚಪ್ಪಾಳೆಯೋ ಚಪ್ಪಾಳೆ. ಆ ಪಾರಿತೋಷಕ ಹಾಲ್‌ನ ಶೋಕೇಸಿನಲ್ಲಿದೆ. ಬೆಳ್ಳಿ ಲೇಪದ್ದು. ಅವತ್ತು ಹೋಗಿ ನೋಡಿದೆ. ಇದ್ದಿಲಿನ ತುಂಡಿನ ಹಾಗಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ, ನಾನು ಒಂದು ದಿನವೂ ಗಮನಿಸಿರಲಿಲ್ಲ.

ಗೊತ್ತಿರುವುದು ಬೇರೆ, ಗೊತ್ತಿರುವುದರ ಬಗ್ಗೆ ಭಾಷಣ ಮಾಡುವುದು ಬೇರೆ. ಭಾಷಣ ಮಾಡಿದ ಮೇಲೆ ಗೊತ್ತಿರಬೇಕಾದ ಅಗತ್ಯ ಮುಗಿಯಿತು ಎಂದು ಮನಸ್ಸು ತಿಳಿಯುತ್ತದೋ ಏನೋ.

ಹಾಗಾದರೆ ಡಬ್ಬಿಯಲ್ಲಿ ಅಷ್ಟು ವರ್ಷ ಯಾಕೆ ಕಪ್ಪಾಗಲಿಲ್ಲ? ಗ್ರೂಪಿನಲ್ಲಿ ಇದೇ ಪ್ರಶ್ನೆ ಕೇಳಿ ದೊಡ್ಡಪ್ಪ ‘ವಿಭೂತಿ ಮಹಿಮೆ’ ಎಂದು ಬರೆದರು. ಇಲ್ಲ ದೊಡ್ಡಪ್ಪ. ಇದರಿಂದ ವಿಭೂತಿಗೆ ಮಹಿಮೆ ಇದೆಯೆಂದು ಸಿದ್ಧವಾಗುವುದಿಲ್ಲ. ಡಬ್ಬಿಗೆ ಮುಚ್ಚಳ ಇದೆಯೆಂದು ಸಿದ್ಧವಾಗುತ್ತದೆ. ಅದೇ ವಿಭೂತಿ ರಾಣಿಯ ಮೂಗನ್ನು ತಿಂದಿದೆ ಎಂಬುದನ್ನೂ ದಯವಿಟ್ಟು ದಾಖಲಿಸಿಕೊಳ್ಳಿ. ನೀವು ನೂರು ವರ್ಷ ತೆಗೆದುಕೊಂಡು ನಿಧಾನವಾಗಿ ಹಾಳು ಮಾಡಿದಿರಿ. ನಾನು ಸ್ವಲ್ಪ ಬೇಗ ಮಾಡಿದೆ. ವ್ಯತ್ಯಾಸ ವೇಗದ್ದು.

(ಈ ವಾದವನ್ನೂ ಗ್ರೂಪಿನಲ್ಲಿ ಹಾಕಿದೆ. ಉತ್ತರವಾಗಿ ಯಾರೋ ಶುಭೋದಯ ಎಂದು ಗುಲಾಬಿ ಹೂ ಕಳಿಸಿದರು.)

ಒಂದು ವಾರ ಕೈಯಲ್ಲಿತ್ತು. ಅಜ್ಜಿಗೆ ಕೊಟ್ಟ ಮಾತಿತ್ತು. ಉಜ್ಜದೆ ಬಿಳಿ ಮಾಡುವ ದಾರಿಯೊಂದನ್ನು ಹುಡುಕಿದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ನಾಣ್ಯ, ಒಂದು ಚಮಚ ಅಡುಗೆ ಸೋಡಾ, ಮೇಲೆ ಕುದಿಯುವ ನೀರು. ಬೆಳ್ಳಿ ಸವೆಯುವುದಿಲ್ಲ, ಕಪ್ಪು ತಾನಾಗಿ ಬಿಡುತ್ತದೆ. ಪ್ರಯೋಗಕ್ಕೆ ಮೂಗಿಲ್ಲದ ರಾಣಿಯನ್ನೇ ಆರಿಸಿದೆ. ಅವಳಿಗಿನ್ನು ಕಳೆದುಕೊಳ್ಳಲು ಏನಿದೆ?

ನೀರು ಸುರಿದ ಕೂಡಲೇ ಅಡುಗೆಮನೆ ತುಂಬ ಕೊಳೆತ ಮೊಟ್ಟೆಯ ವಾಸನೆ. (ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ. ಆ ವಾಸನೆ ಹೇಗಿರುತ್ತದೆಂದು ನಿನಗೆ ಹೇಗೆ ಗೊತ್ತು ಎಂದು ಅಮ್ಮ ಕೇಳಿದಳು. ವಿಷಯಾಂತರ ಬೇಡ ಎಂದೆ.)

“ಮೋರಿ ಕಿಟಕಿ ಆಚೆ ಇತ್ತು, ಈಗ ಒಲೆ ಮೇಲೆ ಬಂತಾ?” ಅಂದಳು ಅಮ್ಮ, ಸೆರಗು ಮೂಗಿಗೆ ಹಿಡಿದು.

ಕಪ್ಪು ಹೋಯಿತು. ನಿಜವಾಗಿ ಹೋಯಿತು. ಇಕ್ಕಳದಲ್ಲಿ ರಾಣಿಯನ್ನು ಎತ್ತಿ ಅಜ್ಜಿಯ ಮುಂದೆ ಹಿಡಿದೆ. ಬೆಳ್ಳಗಿದ್ದಳು. ಆದರೆ ಸುಣ್ಣದ ಹಾಗೆ. ಹೊಳಪಿಲ್ಲ, ನೆರಳಿಲ್ಲ.

ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. “ಜ್ವರ ಬಿಟ್ಟೋರ ಮುಖ ಇದ್ದಂಗೈತಿ.”

ಆನ್‌ಲೈನ್ ಗುಂಪಿಗೆ ಫೋಟೋ ಹಾಕಿದೆ. ರಿಂಗ್ ಪರದವರೂ ರಿಂಗ್ ವಿರುದ್ಧದವರೂ ಮೊದಲ ಬಾರಿಗೆ ಒಂದಾದರು. ಹೀಗೆ ನಾಣ್ಯದ ಜೀವ ತೆಗೆಯುವವರನ್ನು ಗುಂಪಿನಿಂದ ಹೊರಹಾಕಬೇಕು ಎಂದು ಒಮ್ಮತದಿಂದ ತೀರ್ಮಾನಿಸಿದರು. ಹಾಕಿದರು.

ಹೀಗೆ ನಾನು ಎರಡೂ ಕಡೆ ಸೋತವನಾಗಿ ಕೂತಿದ್ದಾಗ, ಕುಬಸದ ಹಿಂದಿನ ದಿನ ಮಧ್ಯಾಹ್ನ ಅಕ್ಕ ಬಂದಳು. ನಿಧಾನವಾಗಿ ಆಟೋ ಇಳಿದಳು. ಒಂದು ಕೈ ಹೊಟ್ಟೆಯ ಮೇಲೆಯೇ ಇತ್ತು. ಒಳಗೆ ಬಂದು ಕೂತು, ನೀರು ಕುಡಿದು, “ಎಲ್ಲೋ ನಿನ್ನ ಎಕ್ಸಿಬಿಟ್?” ಅಂದಳು.

ನನಗೆ ಜೀವ ಬಂತು. ನಿಷ್ಪಕ್ಷಪಾತ ತೀರ್ಪುಗಾರರು! ರೂಪಾಯಿಗಳನ್ನು ತಂದು ಅವಳ ಮುಂದಿಟ್ಟು ಪ್ರಕರಣ ಒಪ್ಪಿಸಿದೆ. ಒಂದು, ಅಜ್ಜಿಯ ಹಾಗೆ ಉಜ್ಜಬಹುದು, ಆದರೆ ಸವೆಯುತ್ತದೆ. ಎರಡು, ಸೋಡಾದಲ್ಲಿ ಕುದಿಸಬಹುದು, ಆದರೆ ಸತ್ತ ಮೀನಿನ ಕಣ್ಣಿನಂತಾಗುತ್ತದೆ. ಮೂರು, ಇವನ್ನು ಹೀಗೇ ಬಿಟ್ಟು, ನಾಳೆಗೆ ಅಂಗಡಿಯಿಂದ ಹೊಸ ಬೆಳ್ಳಿ ನಾಣ್ಯ ತರಬಹುದು. ಹೊಳಪಿಗೆ ಹೊಳಪು, ಶಾಸ್ತ್ರಕ್ಕೆ ಶಾಸ್ತ್ರ. ನನ್ನ ಶಿಫಾರಸು ಮೂರನೆಯದು. ಯಾಕೆಂದರೆ ನಮಗೇನು ಈ ರೂಪಾಯಿಗಳಲ್ಲೇ ಏನೋ ಇದೆ ಎಂಬ ನಂಬಿಕೆಯೇ? ಇಲ್ಲವಲ್ಲ?

‘ನಮಗೆ’ ಎಂದರೆ ನನಗೆ ಮತ್ತು ಅವಳಿಗೆ.

ಅವಳು ಕಪ್ಪಾದ ಒಂದು ರೂಪಾಯಿಯನ್ನು ಎತ್ತಿಕೊಂಡಳು. ಬರಿಗೈಯಲ್ಲಿ.

“ಉಜ್ಜಿದ್ರೆ ಎಷ್ಟು ಸವೆಯತ್ತೆ?”

“ಒಂದು ಸಲಕ್ಕೆ ಕಣ್ಣಿಗೆ ಕಾಣಲ್ಲ. ಆದ್ರೆ...”

“ರಾಣಿ ಮೂಗು ಹೋಗಿದೆ ಅಂದ್ಯಲ್ಲ. ಇನ್ನೇನು ಉಳಿದಿದೆ ಹೋಗೋಕೆ?”

“ಕಿವಿ.”

“ಹೋಗ್ಲಿ ಬಿಡೋ.”

“ಅಕ್ಕಾ, ಇದು ಆರ್ಗ್ಯುಮೆಂಟ್ ಅಲ್ಲ.”

“ಅಲ್ಲ ಕಣೋ,” ಅಂದಳು. ಅಷ್ಟೇ ಅಂದಳು. ಅಜ್ಜಿಯ ಕಡೆ ಕೈ ಚಾಚಿದಳು. ಅಜ್ಜಿ ಏನೂ ಕೇಳದೆ ಡಬ್ಬಿಯ ಮುಚ್ಚಳ ತೆಗೆದು ಅವಳ ಅಂಗೈಗೆ ವಿಭೂತಿ ಹಾಕಿದಳು. ಅಕ್ಕ ಹೆಬ್ಬೆರಳಿನಲ್ಲಿ ಉಜ್ಜತೊಡಗಿದಳು. ವಿಭೂತಿ ಬೂದು ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗಿತು. ಅವಳ ಹೆಬ್ಬೆರಳೂ ಕಪ್ಪಾಯಿತು. ಒಳಗಿನಿಂದ ಬೆಳ್ಳಿ ಬಂತು. ಕೈ ನಿಲ್ಲಿಸಲಿಲ್ಲ. ಹೊಳೆಯತೊಡಗಿದ ಮೇಲೂ ಅದೇ ರೂಪಾಯಿಯನ್ನು ಉಜ್ಜುತ್ತಲೇ ಇದ್ದಳು.

ಭಾವನೆ ಪುರಾವೆಯಲ್ಲ ಎಂಬುದು ಅವಳೇ ನನಗೆ ಕಲಿಸಿದ ವಾಕ್ಯ. ಅದು ನನ್ನ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅಮ್ಮ ನನ್ನ ಕೈಗೆ ಒಂದು ಹಳೇ ಪಂಚೆ ಚೂರು, ಒಂದು ರೂಪಾಯಿ ತುರುಕಿದಳು. “ಮಾತಾಡೋದಿದ್ರೆ ಉಜ್ಜುತ್ತಾ ಮಾತಾಡು.”

ಉಜ್ಜಿದೆ. ಸಂರಕ್ಷಣಾ ವಿಜ್ಞಾನದ ಸಮಸ್ತ ನಿಯಮಗಳನ್ನೂ ಮುರಿದು, ಗ್ಲೌಸ್ ಇಲ್ಲದೆ, ಒಬ್ಬ ರಾಜನ ಗಡ್ಡ ತೆಳ್ಳಗಾಗುವಷ್ಟು ಉಜ್ಜಿದೆ. ಅಜ್ಜಿ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ ಪಾಸ್ ಮಾಡಿದಳು. ನನ್ನದನ್ನು ಎರಡು ಸಲ ವಾಪಸ್ ಕಳಿಸಿದಳು.

ಮರುದಿನ ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ಹೂವಿನ ಜಡೆ. ಅಕ್ಕ ಮಣೆಯ ಮೇಲೆ ಕೂತಳು. ನಾನು ಫೋಟೋ ತೆಗೆಯುವವನು. ಅಜ್ಜಿ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಕೊನೆಗೆ ಎರಡೂ ಕೈಯಲ್ಲಿ ರೂಪಾಯಿಗಳನ್ನು ತುಂಬಿಕೊಂಡು ಉಡಿಗೆ ಬಿಟ್ಟಳು. ಆ ಸದ್ದಿಗೆ ಅಕ್ಕ ಕಣ್ಣು ಮುಚ್ಚಿದಳು. ಫೋಟೋಗೆ ಕಣ್ಣು ತೆಗಿ ಎಂದು ನಾನು ಹೇಳಿದೆ. ತೆಗೆಯಲಿಲ್ಲ.

ಆರತಿ ಆಯಿತು. ದಾವಣಗೆರೆಯಿಂದ ಬಂದಿದ್ದ ದೊಡ್ಡಮ್ಮ ತೆರೆದ ಡಬ್ಬಿಯನ್ನು ಅವಳ ಮುಂದೆ ಹಿಡಿದರು. ರೂಪಾಯಿ ವಾಪಸ್ ಸುರಿಯಬೇಕು.

ಅಕ್ಕ ಸುರಿಯಲಿಲ್ಲ. ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದಳು.

“ಅಜ್ಜಿ, ಹೆರಿಗೆ ಆಗೋವರೆಗೂ ಇವು ನನ್ನ ಹತ್ರ ಇರ್ಲಿ.”

“ಹಂಗೆಲ್ಲ ಪದ್ಧತಿ ಇಲ್ಲವ್ವ,” ಅಂದರು ದೊಡ್ಡಮ್ಮ. “ಮನೆ ಬಿಟ್ಟು ಹೋಗಂಗಿಲ್ಲ ಇವು. ಯಾರಿಗೂ ಕೊಟ್ಟಿಲ್ಲ.”

ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ನನ್ನನ್ನು ನೋಡಿದಳು. “ಲೇ, ವಾದ ಮಾಡೋನೇ. ನೀ ಏನಂತಿ?”

ಇಪ್ಪತ್ತೇಳು ವರ್ಷದಲ್ಲಿ ನನ್ನ ಮನೆಯವರು ನನ್ನ ವಾದವನ್ನು ಕೇಳಿ ಪಡೆದದ್ದು ಇದೇ ಮೊದಲು! ಪದ್ಧತಿಯ ಪರ ಒಳ್ಳೊಳ್ಳೆ ಅಂಶಗಳಿದ್ದವು. ಪದ್ಧತಿಯ ವಿರುದ್ಧವೂ ಇದ್ದವು. ನಾನು ಎರಡೂ ಕಡೆ ಐದೈದು ನಿಮಿಷ ಮಾತಾಡಬಲ್ಲೆ. ಅಕ್ಕನ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿದ್ದಳು, ನಾನು ಎಂದೂ ಕಂಡಿರದ ಹಾಗೆ. ನಾನು ಎಲ್ಲಿ ಗೆದ್ದುಬಿಡುತ್ತೇನೋ ಎಂಬ ಹಾಗೆ.

“ಡಬ್ಬಿ ಸಮೇತ ಕೊಡು ಅಜ್ಜಿ,” ಅಂದೆ. “ವಿಭೂತಿ ಸಮೇತ.”

ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. ಅಜ್ಜಿ ಡಬ್ಬಿ ಇಸಿದುಕೊಂಡು, ರೂಪಾಯಿಗಳನ್ನು ತಾನೇ ಒಳಗಿಟ್ಟು, ಮುಚ್ಚಳ ಒತ್ತಿ, ಅಕ್ಕನ ಉಡಿಯಲ್ಲಿಟ್ಟಳು. ಅವಳ ಗಲ್ಲ ಸವರಿ, ಯಾರಿಗೂ ಕೇಳದ ಹಾಗೆ (ಕ್ಯಾಮೆರಾ ಹಿಡಿದವನಿಗೆ ಎಲ್ಲವೂ ಕೇಳುತ್ತದೆ) ಹೇಳಿದಳು: “ಹೆದರಬ್ಯಾಡ. ಇನ್ನ ದಿನಾ ಫೋನ್ನಾಗೆ ಅಳಬ್ಯಾಡ.”

ಅಕ್ಕ ಸಂಜೆ ಹೊರಟಳು. ಅವಳ ಆಸ್ಪತ್ರೆ ಅವಳ ಮನೆಯ ಹತ್ತಿರವೇ. ಆಮೇಲೆ ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಿದೆ, ದಿನಾ ಫೋನಿನಲ್ಲಿ ಅಳುವುದು ಎಂದರೇನು ಎಂದು. ಅಮ್ಮ ಪಾತ್ರೆ ಜೋಡಿಸುತ್ತ ಹೇಳಿದಳು, “ಮೊದಲ್ನೇ ದಿನದಿಂದಾನೂ. ಸ್ಕ್ಯಾನಿಂಗ್‌ಗೆ ಹೋಗೋ ಮುಂಚೆ ಒಂದ್ಸಲ, ಬಂದ್ಮೇಲೆ ಒಂದ್ಸಲ. ನಂಗೆ ಮಾಡ್ತಾಳೆ, ಅಜ್ಜಿಗೆ ಮಾಡ್ತಾಳೆ, ನಿಮ್ಮಪ್ಪನ ಹತ್ರಾನೂ ಅತ್ತಿದಾಳೆ.”

ಅದೇ ದಿನಗಳಲ್ಲಿ ಅವಳು ನನಗೂ ಫೋನ್ ಮಾಡುತ್ತಿದ್ದಳು. “ಏನೋ ಮಾಡ್ತಿದೀಯಾ?” ಅನ್ನುತ್ತಿದ್ದಳು. ನಾನು ಕ್ಯಾಪ್ಸೂಲಿನ ರಿಂಗ್ ಬಗ್ಗೆ ಹೇಳುತ್ತಿದ್ದೆ. ಅವಳು ಕೇಳುತ್ತಿದ್ದಳು. ನಡುನಡುವೆ ಒಳ್ಳೆಯ ಪ್ರತಿವಾದ ಹಾಕುತ್ತಿದ್ದಳು. ನಗುತ್ತಿದ್ದಳು ಕೂಡ. ಆ ಫೋನುಗಳು ಎಷ್ಟು ಚೆನ್ನಾಗಿದ್ದವು ಎಂದು ನಾನು ಆಫೀಸಿನಲ್ಲಿ ಹೇಳಿಕೊಂಡದ್ದೂ ಉಂಟು.

ಈ ಅಂಕಣವನ್ನು ನೀನು ಓದುತ್ತೀಯ ಎಂದು ಗೊತ್ತು. ಅಕ್ಕಾ, ಮನೆಯಲ್ಲಿ ಎಲ್ಲರಿಗೂ ಹೇಳಿದ್ದನ್ನು ನನಗೊಬ್ಬನಿಗೆ ಯಾಕೆ ಹೇಳಲಿಲ್ಲ?